ನಡುನೋವಿನ ಮದ್ದು: ರಾಮಗಿರಿಯಿಂದ ಪರವಾಡದವರೆಗೆ

ಆಂಧ್ರಕ್ಕೆ ಬಂದ ಕನ್ನಡ ಹೆಣ್ಣುಮಕ್ಕಳು ಬಹಳ ಬೇಗ ಕಲಿಯುವ ತೆಲುಗು ಮಾತುಗಳಲ್ಲಿ ‘ನಡುಮು ನೊಪ್ಪಿ’ ಒಂದು. ನಮ್ಮ ನಡು ಅವರಿಗೆ ನಡುಮು, ನಮ್ಮ ನೋವು ಅವರಿಗೆ ನೊಪ್ಪಿ. ವಿಶಾಖಪಟ್ಟಣದ ದ್ವಾರಕಾನಗರದಲ್ಲಾಗಲಿ ವಿಜಯವಾಡದ ಗವರ್ನರ್‌ಪೇಟೆಯಲ್ಲಾಗಲಿ, ಮೆಡಿಕಲ್ ಶಾಪಿನ ಮುಂದೆ ನಿಂತು ಈ ಎರಡು ಮಾತು ಹೇಳಿದರೆ ಸಾಕು, ಅರ್ಧ ನಿಮಿಷದಲ್ಲಿ ಕೈಗೆ ಮಾತ್ರೆ ಬರುತ್ತದೆ. ಪಟ್ಟಿಯಿಂದ ಕತ್ತರಿಯಲ್ಲಿ ಕತ್ತರಿಸಿದ ನಾಲ್ಕು ಮಾತ್ರೆ. ಅದರ ಹೆಸರಿನ ಅರ್ಧ ಭಾಗ ಅಂಗಡಿಯಲ್ಲೇ ಉಳಿದಿರುತ್ತದೆ, ಅವಧಿ ಮುಗಿಯುವ ತಾರೀಖೂ ಅಲ್ಲೇ ಉಳಿದಿರುತ್ತದೆ. ನಾವು ಅದನ್ನು ನುಂಗಿ ಅಡುಗೆಮನೆಗೋ ಆಫೀಸಿಗೋ ಹೋಗುತ್ತೇವೆ.

ನಾನು ವೈದ್ಯೆಯಲ್ಲ. ಎಂ.ಟೆಕ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ದಿನಕ್ಕೆ ಒಂಬತ್ತು ಹತ್ತು ಗಂಟೆ ಕುರ್ಚಿಯಲ್ಲಿ ಕೂರುವ ನಮ್ಮಂಥವರಿಗೆ ನಡುನೋವು ಹೊಸದೇನಲ್ಲ. ಆದರೆ ಆ ನಾಲ್ಕು ಮಾತ್ರೆಗಳ ಹಿಂದೆ ಎಷ್ಟು ಉದ್ದದ ಚರಿತ್ರೆ ಇದೆ, ಅದರಲ್ಲಿ ನಮ್ಮ ಈ ಎರಡು ಊರುಗಳಿಗೂ ಕನ್ನಡಕ್ಕೂ ಎಷ್ಟು ಪಾಲಿದೆ ಎಂದು ನೋಡುತ್ತಾ ಹೋದಾಗ ಒಂದು ಸಂಗತಿ ಸ್ಪಷ್ಟವಾಯಿತು. ನಡುನೋವಿಗೆ ಬಂದ ಪ್ರತಿಯೊಂದು ಮದ್ದೂ ‘ಇನ್ನು ಚಿಂತೆಯಿಲ್ಲ’ ಎಂಬ ಭರವಸೆಯೊಂದಿಗೇ ಬಂದಿದೆ. ಯಾರೋ ಪ್ರಶ್ನೆ ಕೇಳಿದ ಮೇಲೆಯೇ ಅದರ ಮಿತಿ ತಿಳಿದಿದೆ. ಆ ಪ್ರಶ್ನೆಗಳನ್ನು ನಾವೂ ಕೇಳಲು ಕಲಿಯಬೇಕು ಎಂಬುದಕ್ಕೇ ಈ ಬರಹ.

ರಾಮಗಿರಿಯ ಜೈನ ವೈದ್ಯ

ವಿಶಾಖಪಟ್ಟಣದಿಂದ ವಿಜಯನಗರದ ಕಡೆಗೆ ಹೋದರೆ ರಾಮತೀರ್ಥಂ ಎಂಬ ಊರು ಸಿಗುತ್ತದೆ. ಅಲ್ಲಿನ ಬೆಟ್ಟಗಳಲ್ಲಿ ಬೌದ್ಧ, ಜೈನ ಅವಶೇಷಗಳಿವೆ. ಗುಹೆಯೊಂದರಲ್ಲಿ ಪೂರ್ವ ಚಾಲುಕ್ಯ ದೊರೆ ವಿಮಲಾದಿತ್ಯನ ಕಾಲದ, ಅಂದರೆ 11ನೇ ಶತಮಾನದ ಆರಂಭದ, ಒಂದು ಕನ್ನಡ ಶಾಸನವಿದೆ. ದೇಶಿಗಣದ ಜೈನ ಆಚಾರ್ಯ ತ್ರಿಕಾಲಯೋಗಿ ಸಿದ್ಧಾಂತದೇವರು ಈ ಬೆಟ್ಟಕ್ಕೆ ಬಂದು ವಂದಿಸಿದ್ದನ್ನು ಅದು ಹೇಳುತ್ತದೆ. ನಮಗಿಂತ ಸಾವಿರ ವರ್ಷ ಮೊದಲೇ ಇಲ್ಲಿ ಕನ್ನಡ ಓದಬಲ್ಲವರು ಇದ್ದರು ಎನ್ನಲು ಇದು ಸಾಕ್ಷಿ.

ಅದಕ್ಕೂ ಹಿಂದೆ, 9ನೇ ಶತಮಾನದಲ್ಲಿ, ಉಗ್ರಾದಿತ್ಯಾಚಾರ್ಯ ಎಂಬ ಜೈನ ಮುನಿ ‘ಕಲ್ಯಾಣಕಾರಕ’ ಎಂಬ ಸಂಸ್ಕೃತ ವೈದ್ಯಗ್ರಂಥ ಬರೆದ. ತ್ರಿಕಲಿಂಗ ದೇಶದ ರಾಮಗಿರಿಯಲ್ಲಿ ಇದನ್ನು ರಚಿಸಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಆ ರಾಮಗಿರಿ ನಮ್ಮ ಈ ರಾಮತೀರ್ಥವೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ನಾಗಪುರದ ಬಳಿಯ ರಾಮಟೇಕ್ ಎನ್ನುವವರೂ ಇದ್ದಾರೆ. ಗ್ರಂಥದ ಕೊನೆಗೆ ಸೇರಿಸಿದ ಅಧ್ಯಾಯವೊಂದರಲ್ಲಿ ಮಾಂಸಾಹಾರ ಔಷಧವಾಗಲಾರದು ಎಂಬ ವಾದವಿದೆ. ಅದನ್ನು ಅವನು ಮಂಡಿಸಿದ್ದು ನೃಪತುಂಗನ ಆಸ್ಥಾನದಲ್ಲಿ. ‘ಕವಿರಾಜಮಾರ್ಗ’ದೊಂದಿಗೆ ನಾವು ನೆನೆಯುವ ಅದೇ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಮುಂದೆ 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ, ಪೂಜ್ಯಪಾದರ ಇನ್ನೊಂದು ‘ಕಲ್ಯಾಣಕಾರಕ’ವನ್ನು ಆಧರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದ. ಕನ್ನಡದಲ್ಲಿ ದೊರೆತಿರುವ ಅತ್ಯಂತ ಹಳೆಯ ವೈದ್ಯಗ್ರಂಥಗಳಲ್ಲಿ ಅದೂ ಒಂದು. ಮದ್ಯ, ಮಾಂಸ, ಜೇನು ಬೆರೆಸದ ಔಷಧ ಈ ಜೈನ ಪರಂಪರೆಯ ವೈಶಿಷ್ಟ್ಯ.

ಆಯುರ್ವೇದ ನಡುನೋವನ್ನು ವಾತದ ಲೆಕ್ಕಕ್ಕೆ ಸೇರಿಸುತ್ತದೆ. ಚರಕಸಂಹಿತೆ 80 ವಾತವಿಕಾರಗಳನ್ನು ಎಣಿಸುತ್ತದೆ. ಅವುಗಳಲ್ಲಿ ಒಂದು ‘ಗೃಧ್ರಸೀ’. ಸೊಂಟದಿಂದ ತೊಡೆಯ ಹಿಂಬದಿಗೆ, ಅಲ್ಲಿಂದ ಪಾದದವರೆಗೆ ಇಳಿಯುವ ನೋವು. ಇಂದು ವೈದ್ಯರು ಸಯಾಟಿಕಾ ಎನ್ನುವುದು ಇದನ್ನೇ. ಗೃಧ್ರ ಎಂದರೆ ರಣಹದ್ದು. ಈ ನೋವಿರುವವರ ನಡಿಗೆ ರಣಹದ್ದಿನ ನಡಿಗೆಯಂತೆ ಕಾಣುತ್ತದೆ ಎಂಬುದು ಈ ಹೆಸರಿಗೆ ಕೊಡುವ ಒಂದು ವಿವರಣೆ. ಈ ಹದ್ದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಲಕ್ಕಿ ಸೊಪ್ಪಿನಿಂದ ಅಮೃತಾಂಜನಕ್ಕೆ

ಗ್ರಂಥದ ವೈದ್ಯ ಒಂದು ಕಡೆಯಾದರೆ ಮನೆಯ ವೈದ್ಯ ಇನ್ನೊಂದು ಕಡೆ. ಬಾಣಂತನದಲ್ಲಿ ನಮ್ಮ ಕಡೆ ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರು, ಇಲ್ಲಿ ಅದೇ ಗಿಡ ವಾವಿಲಾಕು. ನಮ್ಮ ಹರಳೆಣ್ಣೆ ಇಲ್ಲಿ ಆಮುದಂ. ಎಕ್ಕದ ಎಲೆ ಬೆಚ್ಚಗೆ ಮಾಡಿ ಕಟ್ಟುವುದು, ಉಪ್ಪಿನ ಗಂಟಿನ ಶಾಖ, ಎಣ್ಣೆ ಹಚ್ಚಿ ನೀವುವುದು ಎರಡೂ ಕಡೆ ಒಂದೇ. ಇವುಗಳಲ್ಲಿ ಶಾಖವನ್ನೂ ನೀವುವುದನ್ನೂ ಇಂದಿನ ವೈದ್ಯಕೀಯ ಮಾರ್ಗಸೂಚಿಗಳು ಕೈಬಿಟ್ಟಿಲ್ಲ, ಹೊಸದಾಗಿ ಎತ್ತಿಕೊಂಡಿವೆ. ಆ ಮಾತಿಗೆ ಆಮೇಲೆ ಬರೋಣ.

ಈ ಮನೆಮದ್ದಿಗೂ ಅಂಗಡಿಯ ಮದ್ದಿಗೂ ನಡುವೆ ಸೇತುವೆ ಕಟ್ಟಿದವರು ವಿಜಯವಾಡದ ಸೀಮೆಯವರೇ. ಕಾಶೀನಾಥುನಿ ನಾಗೇಶ್ವರರಾವ್ ಪಂತುಲು 1867ರಲ್ಲಿ ಕೃಷ್ಣಾ ಜಿಲ್ಲೆಯ ಎಲಕುರ್ರು ಎಂಬಲ್ಲಿ ಹುಟ್ಟಿದರು. 1893ರಲ್ಲಿ ಮುಂಬಯಿಯಲ್ಲಿ ಅಮೃತಾಂಜನ ಎಂಬ ಹಳದಿ ಮುಲಾಮು ತಯಾರಿಸಿ ಮಾರಾಟಕ್ಕಿಳಿದರು. ಸಂಗೀತ ಕಚೇರಿಗಳಲ್ಲಿ ಅದನ್ನು ಉಚಿತವಾಗಿ ಹಂಚಿ ಜನರಿಗೆ ಪರಿಚಯಿಸಿದರೆಂಬುದು ಪ್ರಸಿದ್ಧ. ಮುಲಾಮಿನಿಂದ ಬಂದ ದುಡ್ಡಿನಲ್ಲಿ 1908ರಲ್ಲಿ ಮುಂಬಯಿಯಿಂದಲೇ ‘ಆಂಧ್ರಪತ್ರಿಕ’ ಆರಂಭಿಸಿದರು, 1914ರಲ್ಲಿ ಮದ್ರಾಸಿಗೆ ಬಂದರು. ತೆಲುಗರು ಅವರನ್ನು ‘ದೇಶೋದ್ಧಾರಕ’ ಎಂದು ಕರೆಯುತ್ತಾರೆ. ಪ್ರತ್ಯೇಕ ಆಂಧ್ರ ಪ್ರಾಂತ್ಯಕ್ಕೆ ದಾರಿ ಮಾಡಿದ 1937ರ ಶ್ರೀಬಾಗ್ ಒಪ್ಪಂದಕ್ಕೆ ಆ ಹೆಸರು ಬಂದದ್ದು ಮದ್ರಾಸಿನಲ್ಲಿದ್ದ ಅವರ ಮನೆಯಿಂದ. ನಮ್ಮ ಅಜ್ಜಿಯರ ಹಾಸಿಗೆಯ ಪಕ್ಕದ ಆ ಪುಟ್ಟ ಗಾಜಿನ ಡಬ್ಬಿಯ ಹಿಂದೆ ಒಂದು ರಾಜ್ಯದ ಕಥೆಯೂ ಇದೆ.

ಮುಲಾಮು ಏಕೆ ಹಿತವೆನಿಸುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ನೂರು ವರ್ಷ ಕಳೆದ ಮೇಲೆ. ಮೆಣಸಿನಕಾಯಿಯ ಖಾರಕ್ಕೆ ಸ್ಪಂದಿಸುವ ನರದ ಗ್ರಾಹಕವನ್ನು 1997ರಲ್ಲಿ, ಮೆಂಥಾಲಿನ ತಂಪಿಗೆ ಸ್ಪಂದಿಸುವ ಗ್ರಾಹಕವನ್ನು 2002ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಆ ಸಂಶೋಧನೆಗಾಗಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂತು. ತಂಪೋ ಬಿಸಿಯೋ ತಟ್ಟಿದಾಗ ನರ ಆ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ, ನೋವಿನ ಸುದ್ದಿ ಸ್ವಲ್ಪ ಹೊತ್ತು ಹಿಂದೆ ಸರಿಯುತ್ತದೆ. ಮುಲಾಮು ಮೂಳೆಯನ್ನು ರಿಪೇರಿ ಮಾಡುವುದಿಲ್ಲ. ಸ್ವಲ್ಪ ಹೊತ್ತಿನ ನೆಮ್ಮದಿ ಕೊಡುತ್ತದೆ. ಅಷ್ಟನ್ನೇ ಕೇಳಿದರೆ ಅದು ಒಳ್ಳೆಯ ಮದ್ದು.

ಮಾತ್ರೆಗಳ ಶತಮಾನ

ಮುಲಾಮು ಹುಟ್ಟಿದ ಕಾಲಕ್ಕೇ ಜರ್ಮನಿಯಲ್ಲಿ ಮಾತ್ರೆಯ ಯುಗ ಶುರುವಾಯಿತು. 1897ರಲ್ಲಿ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಆಸ್ಪಿರಿನ್ ತಯಾರಿಸಿದ, 1899ರಿಂದ ಅದು ಆ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1923ರಲ್ಲಿ ವಿಶಾಖಪಟ್ಟಣದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಅದೇ ಇಂದಿನ ಆಂಧ್ರ ಮೆಡಿಕಲ್ ಕಾಲೇಜು, ಅದರ ಆಸ್ಪತ್ರೆ ನಮಗೆಲ್ಲ ಗೊತ್ತಿರುವ ಕೆ.ಜಿ.ಎಚ್. ಆ ಕಾಲದ ವೈದ್ಯರ ಕೈಯಲ್ಲಿ ನಡುನೋವಿಗೆ ಇದ್ದದ್ದು ಬಹುಮಟ್ಟಿಗೆ ಆಸ್ಪಿರಿನ್ ವರ್ಗದ ಔಷಧ, ಶಾಖ ಮತ್ತು ಹಾಸಿಗೆ. ಬೆನ್ನುಮೂಳೆಯ ಡಿಸ್ಕ್ ಜಾರಿ ನರವನ್ನು ಒತ್ತಿದಾಗ ಸಯಾಟಿಕಾ ಬರುತ್ತದೆ ಎಂದು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಪ್ರಕಟಿಸಿದ್ದೇ 1934ರಲ್ಲಿ.

ಆಮೇಲೆ ಒಂದರ ಹಿಂದೆ ಒಂದು ಬಂದವು. 19ನೇ ಶತಮಾನದಲ್ಲೇ ತಯಾರಾಗಿ ಮೂಲೆ ಸೇರಿದ್ದ ಪ್ಯಾರಾಸಿಟಮಾಲ್ 1950ರ ದಶಕದಲ್ಲಿ ಮಾರುಕಟ್ಟೆಗೆ ಬಂತು. 1961ರಲ್ಲಿ ಇಂಗ್ಲೆಂಡಿನ ಸ್ಟೂವರ್ಟ್ ಆಡಮ್ಸ್ ಮತ್ತು ಸಂಗಡಿಗರು ಐಬುಪ್ರೊಫೆನ್ ಕಂಡುಹಿಡಿದರು. 1970ರ ದಶಕದಲ್ಲಿ ಡೈಕ್ಲೋಫೆನಾಕ್, ನೇಪ್ರಾಕ್ಸೆನ್ ಬಳಕೆಗೆ ಬಂದವು. ಇವುಗಳಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಉಳಿದವನ್ನು ಸ್ಟೆರಾಯ್ಡ್ ಅಲ್ಲದ ಉರಿಯೂತ ನಿವಾರಕಗಳು, ಎನ್‌ಎಸ್‌ಎಐಡಿ ಎನ್ನುತ್ತಾರೆ. ನಾವು ‘ಪೇನ್ ಕಿಲ್ಲರ್’ ಎಂದಾಗ ಸಾಮಾನ್ಯವಾಗಿ ಕೈಗೆ ಬರುವುದು ಇವೇ. ಅಸೆಕ್ಲೋಫೆನಾಕ್, ಎಟೋರಿಕಾಕ್ಸಿಬ್ ಕೂಡ ಇದೇ ಮನೆತನದವು.

ಈ ಮಾತ್ರೆಗಳು ಎಲ್ಲೋ ದೂರದಲ್ಲಿ ತಯಾರಾಗುತ್ತವೆ ಎಂದುಕೊಳ್ಳಬೇಡಿ. ನೇಪ್ರಾಕ್ಸೆನ್‌ನ ಮೂಲ ಔಷಧವನ್ನು ತಯಾರಿಸುವ ಜಗತ್ತಿನ ದೊಡ್ಡ ಕಂಪನಿಗಳಲ್ಲಿ ದಿವೀಸ್ ಒಂದು, ಅದರ ಒಂದು ದೊಡ್ಡ ಕಾರ್ಖಾನೆ ಇರುವುದು ಭೀಮಿಲಿಯ ಹತ್ತಿರದ ಚಿಪ್ಪಾಡದಲ್ಲಿ. ಈ ಕಡೆ ಪರವಾಡದ ಫಾರ್ಮಾ ಸಿಟಿ, ಅಚ್ಯುತಾಪುರಂನ ಕಾರ್ಖಾನೆಗಳು. ನಮ್ಮ ಸುತ್ತ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಉದ್ಯಮದಿಂದ. 2024ರ ಆಗಸ್ಟಿನಲ್ಲಿ ಅಚ್ಯುತಾಪುರಂನ ಔಷಧ ಕಾರ್ಖಾನೆಯೊಂದರ ಅವಘಡದಲ್ಲಿ 17 ಜನ ತೀರಿಕೊಂಡದ್ದನ್ನೂ ನಾವು ಮರೆತಿಲ್ಲ. ಅಗ್ಗದ ಮಾತ್ರೆಗೂ ಯಾರೋ ಬೆಲೆ ತೆತ್ತಿರುತ್ತಾರೆ.

ಎನ್‌ಎಸ್‌ಎಐಡಿಗಳು ಹೇಗೆ ಕೆಲಸ ಮಾಡುತ್ತವೆ ಎಂದು 1971ರಲ್ಲಿ ತೋರಿಸಿದವರು ಜಾನ್ ವೇನ್. 1982ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಪೆಟ್ಟು ಬಿದ್ದಲ್ಲಿ ದೇಹ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಿಸುತ್ತದೆ, ಅದರಿಂದ ನೋವು, ಬಾವು. ಮಾತ್ರೆ ಆ ತಯಾರಿಕೆಯನ್ನು ತಡೆಯುತ್ತದೆ. ತೊಡಕು ಇರುವುದೂ ಇಲ್ಲೇ. ಅದೇ ಪ್ರೊಸ್ಟಾಗ್ಲಾಂಡಿನ್ ಹೊಟ್ಟೆಯ ಒಳಪದರವನ್ನು ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುತ್ತದೆ. ಸೊಂಟದಲ್ಲಿ ಮಾತ್ರ ನಿಲ್ಲಿಸು, ಹೊಟ್ಟೆಯಲ್ಲಿ ಬೇಡ ಎಂದು ಮಾತ್ರೆಗೆ ಹೇಳಲು ಬರುವುದಿಲ್ಲ. ಪೇನ್ ಕಿಲ್ಲರ್ ನುಂಗಿದರೆ ಹೊಟ್ಟೆ ಉರಿಯುವುದು ಏಕೆ ಎಂಬುದಕ್ಕೆ ಇದೇ ಉತ್ತರ.

ಹೊಟ್ಟೆಗೆ ಹಿತವಾದ ಪೇನ್ ಕಿಲ್ಲರ್ ಎಂದು 1999ರಲ್ಲಿ ರೋಫೆಕಾಕ್ಸಿಬ್ ಬಂತು, ವಯಾಕ್ಸ್ ಎಂಬ ಹೆಸರಿನಲ್ಲಿ ಲೋಕವೆಲ್ಲ ಮಾರಾಟವಾಯಿತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದು ಅಧ್ಯಯನದಲ್ಲಿ ಕಂಡಾಗ 2004ರ ಸೆಪ್ಟೆಂಬರ್ 30ರಂದು ಕಂಪನಿಯೇ ಅದನ್ನು ಹಿಂತೆಗೆದುಕೊಂಡಿತು. ಭಾರತವೂ ಅದೇ ವರ್ಷ ನಿಷೇಧಿಸಿತು. 2013ರಲ್ಲಿ ಯುರೋಪಿನ ಔಷಧ ಸಂಸ್ಥೆ ಹೃದ್ರೋಗವಿರುವವರಿಗೆ ಡೈಕ್ಲೋಫೆನಾಕ್ ಬೇಡ ಎಂದು ಎಚ್ಚರಿಸಿತು.

ರಣಹದ್ದುಗಳು ಹೇಳಿದ್ದು

1990ರ ದಶಕದಿಂದ ಭಾರತದ ರಣಹದ್ದುಗಳು ಸಾಯತೊಡಗಿದವು. ಮೂರು ಜಾತಿಗಳಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಹಕ್ಕಿಗಳು ಇಲ್ಲವಾದವು. ವೈರಸ್ ಇರಬೇಕು, ಕೀಟನಾಶಕ ಇರಬೇಕು ಎಂದು ಹುಡುಕಿದರು. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿ ಕಾರಣ ಪತ್ತೆ ಮಾಡಿದರು. ಅದು ಡೈಕ್ಲೋಫೆನಾಕ್. ನೋವಿರುವ ದನಗಳಿಗೆ ಕೊಟ್ಟ ಚುಚ್ಚುಮದ್ದು ಅವು ಸತ್ತ ಮೇಲೂ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸುತ್ತಿತ್ತು. 2006ರಲ್ಲಿ ಭಾರತ ಪಶುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ಮನುಷ್ಯರ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುವುದು ನಿಲ್ಲದಿದ್ದಾಗ 2015ರಲ್ಲಿ ಆ ಸೀಸೆಯ ಗಾತ್ರವನ್ನೂ 3 ಮಿ.ಲೀ.ಗೆ ಇಳಿಸಿತು. ಕರ್ನಾಟಕದಲ್ಲಿ ರಾಮನಗರದ ರಾಮದೇವರಬೆಟ್ಟ, ‘ಶೋಲೆ’ ಚಿತ್ರೀಕರಣದ ಆ ಬಂಡೆಗಳ ಸೀಮೆ, 2012ರಲ್ಲಿ ರಣಹದ್ದುಗಳ ಅಭಯಾರಣ್ಯವಾಯಿತು.

ಹದ್ದಿನ ಹೆಸರು ಹೊತ್ತ ನೋವಿಗೆ ನಾವು ನುಂಗುವ ಮಾತ್ರೆಯೇ ಹದ್ದಿನ ಕುಲಕ್ಕೆ ಮುಳುವಾಯಿತು. ಮನುಷ್ಯರ ದೇಹ ಹದ್ದಿನಷ್ಟು ಸೂಕ್ಷ್ಮವಲ್ಲ, ಸರಿಯಾದ ಪ್ರಮಾಣದಲ್ಲಿ ಕೆಲವು ದಿನ ತೆಗೆದುಕೊಂಡರೆ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ಆದರೆ ಏಟು ಬೀಳುವ ಅಂಗ ನಮ್ಮಲ್ಲೂ ಮೂತ್ರಪಿಂಡವೇ. ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ನೀರು ಇಳಿಸುವ ಮಾತ್ರೆ ಜೊತೆಗಿರುವವರು ಪೇನ್ ಕಿಲ್ಲರ್ ಸೇರಿಸಿದರೆ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಿಗೂ, ವಯಸ್ಸಾದವರಿಗೂ ಹಾಗೆಯೇ. ವಿಶಾಖಪಟ್ಟಣದ ಉತ್ತರಕ್ಕೆ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯಲ್ಲಿ ಮೂತ್ರಪಿಂಡದ ಕಾಯಿಲೆ ಊರೂರನ್ನೇ ಕಾಡುತ್ತಿದೆ. ಅದರ ಮೂಲಕಾರಣ ಇನ್ನೂ ಖಚಿತವಾಗಿಲ್ಲ, ಅದನ್ನು ಮಾತ್ರೆಯ ತಲೆಗೆ ಕಟ್ಟುವಂತಿಲ್ಲ. ಆದರೆ ಮೂತ್ರಪಿಂಡ ಮೊದಲೇ ದುರ್ಬಲವಾಗಿದ್ದರೆ ಈ ಪೇನ್ ಕಿಲ್ಲರ್‌ಗಳು ಅವರಿಗಲ್ಲ. ನಮ್ಮ ಮನೆಗೆಲಸಕ್ಕೆ ಬರುವವರಲ್ಲಿ ಆ ಕಡೆಯವರಿದ್ದರೆ, ಪ್ರೀತಿಯಿಂದ ನಮ್ಮ ಡಬ್ಬಿಯ ಮಾತ್ರೆ ತೆಗೆದು ಕೊಡುವ ಮೊದಲು ಇದನ್ನು ನೆನೆಯೋಣ.

ಒಂದೇ ಮಾತ್ರೆಯಲ್ಲಿ ಮೂರು ಮದ್ದು

ನಮ್ಮ ದೇಶದ ಔಷಧ ಅಂಗಡಿಯ ವಿಶೇಷವೆಂದರೆ ಸಂಯುಕ್ತ ಮಾತ್ರೆ. ಅಸೆಕ್ಲೋಫೆನಾಕ್, ಪ್ಯಾರಾಸಿಟಮಾಲ್, ಜೊತೆಗೆ ಸ್ನಾಯು ಸಡಿಲಿಸುವ ಇನ್ನೊಂದು, ಎಲ್ಲ ಒಂದರಲ್ಲೇ. ಜ್ವರಕ್ಕೆಂದು ಡೋಲೋ 650, ಸೊಂಟಕ್ಕೆಂದು ಈ ಮಾತ್ರೆ ಎರಡನ್ನೂ ತೆಗೆದುಕೊಂಡರೆ ಪ್ಯಾರಾಸಿಟಮಾಲ್ ಎರಡು ಸಲ ಹೊಟ್ಟೆಗೆ ಹೋಯಿತು ಎಂದು ನಮಗೆ ಗೊತ್ತೇ ಆಗುವುದಿಲ್ಲ. ಅದು ಹೆಚ್ಚಾದರೆ ಪೆಟ್ಟು ಬೀಳುವುದು ಯಕೃತ್ತಿಗೆ. 2011ರಲ್ಲಿ ಸರ್ಕಾರ ಸಂಯುಕ್ತ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಮೀರಬಾರದು ಎಂದದ್ದು ಇದೇ ಕಾರಣಕ್ಕೆ. ತರ್ಕವಿಲ್ಲದ ಜೋಡಣೆಗಳನ್ನು ಜರಡಿ ಹಿಡಿಯುವ ಕೆಲಸವೂ ನಡೆದಿದೆ. 2016ರ ಮಾರ್ಚ್‌ನಲ್ಲಿ 344 ಸಂಯುಕ್ತ ಔಷಧಗಳನ್ನು ನಿಷೇಧಿಸಲಾಯಿತು. ಅದು ನ್ಯಾಯಾಲಯಗಳ ಮೆಟ್ಟಿಲೇರಿ, ಮರುಪರಿಶೀಲನೆಯ ನಂತರ 2018ರಲ್ಲಿ 328ರ ನಿಷೇಧವಾಯಿತು. 2024ರ ಆಗಸ್ಟಿನಲ್ಲಿ ಇನ್ನೂ 156 ಆ ಪಟ್ಟಿಗೆ ಸೇರಿದವು.

ಸ್ನಾಯು ಸಡಿಲಿಸುವ ಮದ್ದುಗಳ ವಿಷಯದಲ್ಲಿ ಹೆಣ್ಣುಮಕ್ಕಳು ಒಂದು ಹೆಸರನ್ನು ವಿಶೇಷವಾಗಿ ತಿಳಿದಿರಬೇಕು. ಅದು ಥಯೋಕಾಲ್ಚಿಕೋಸೈಡ್. ನಡುನೋವಿನ ಸಂಯುಕ್ತ ಮಾತ್ರೆಗಳಲ್ಲಿ ಇದು ನಮ್ಮಲ್ಲಿ ಧಾರಾಳವಾಗಿ ಇರುತ್ತದೆ. ದೇಹದಲ್ಲಿ ಇದರಿಂದ ಉಂಟಾಗುವ ಒಂದು ಅಂಶ ಜೀವಕೋಶಗಳ ವರ್ಣತಂತುಗಳಿಗೆ ಧಕ್ಕೆ ಮಾಡಬಲ್ಲದು ಎಂಬ ಕಾರಣಕ್ಕೆ ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಕಟ್ಟುನಿಟ್ಟು ಹೇರಿತು. ನುಂಗುವ ಮಾತ್ರೆ ಏಳು ದಿನ ಮೀರಬಾರದು. ಗರ್ಭಿಣಿಯರಿಗೆ, ಹಾಲುಣಿಸುವವರಿಗೆ, ಗರ್ಭನಿರೋಧಕ ಬಳಸದ ಹೆರುವ ವಯಸ್ಸಿನ ಹೆಂಗಸರಿಗೆ ಕೊಡಬಾರದು. ಮಗುವಿಗಾಗಿ ಕಾಯುತ್ತಿರುವ ಎಷ್ಟು ಜನ ತಂಗಿಯರು ಇದನ್ನು ತಿಳಿಯದೆ ನುಂಗುತ್ತಿರಬಹುದು! ಎನ್‌ಎಸ್‌ಎಐಡಿಗಳ ವಿಷಯದಲ್ಲೂ ಅಮೆರಿಕದ ಎಫ್‌ಡಿಎ 2020ರಲ್ಲಿ, ಗರ್ಭದ 20 ವಾರದ ನಂತರ ಸಾಧ್ಯವಾದಷ್ಟು ಬಳಸಬೇಡಿ ಎಂದಿದೆ. ಹುಟ್ಟಲಿರುವ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು ಎಂಬುದು ಕಾರಣ.

ನರದ ಮದ್ದು, ಅಫೀಮಿನ ನೆಂಟರು

ಕಾಲಿಗಿಳಿಯುವ ನೋವಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಬರೆಯುವುದು ಈಗ ಬಹಳ ಸಾಮಾನ್ಯ. ಮೂಲತಃ ಇವು ಫಿಟ್ಸ್‌ಗೆ ಕೊಡುವ ಮದ್ದು, ಕೆಲವು ಬಗೆಯ ನರದ ನೋವಿಗೆ ಉಪಯೋಗಕ್ಕೆ ಬರುತ್ತವೆ. ಆದರೆ 2017ರಲ್ಲಿ ಆಸ್ಟ್ರೇಲಿಯಾದಲ್ಲಿ 209 ಸಯಾಟಿಕಾ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಪ್ರಿಗ್ಯಾಬಲಿನ್ ತೆಗೆದುಕೊಂಡವರ ನೋವು, ಮದ್ದಿಲ್ಲದ ಹುಸಿಗುಳಿಗೆ ತೆಗೆದುಕೊಂಡವರಿಗಿಂತ ಕಡಿಮೆಯಾಗಲಿಲ್ಲ. ತಲೆಸುತ್ತು ಮಾತ್ರ ಹೆಚ್ಚಾಯಿತು. ಬಹುಕಾಲದ ನೋವಿಗೆ ವೈದ್ಯರು ಡ್ಯುಲೊಕ್ಸೆಟಿನ್ ಕೊಡುವುದುಂಟು. ಅದು ಖಿನ್ನತೆಯ ಮದ್ದು ಎಂದು ಓದಿ ‘ನನಗೇನು ಮನೋರೋಗವೇ’ ಎಂದು ಗಾಬರಿಯಾಗಬೇಕಿಲ್ಲ. ನೋವಿನ ಸುದ್ದಿ ಸಾಗುವ ನರಮಾರ್ಗದಲ್ಲೂ ಅದು ಕೆಲಸ ಮಾಡುತ್ತದೆ.

ಅಫೀಮಿನ ವರ್ಗದ ಟ್ರಮಡಾಲ್‌ನಂಥವು ಕೊನೆಯ ಸಾಲಿನಲ್ಲಿ ನಿಲ್ಲಬೇಕಾದವು. 1996ರಿಂದ ಅಮೆರಿಕದಲ್ಲಿ ಆಕ್ಸಿಕಾಂಟಿನ್ ಎಂಬ ಮಾತ್ರೆ ಮನೆಮನೆಗೆ ಹೋಗಿ ಎಂಥ ಅನಾಹುತ ಮಾಡಿತೆಂದು ಅಲ್ಲಿರುವ ನಮ್ಮ ಬಂಧುಗಳಿಗೆ ಗೊತ್ತು. ಭಾರತ 2018ರಲ್ಲಿ ಟ್ರಮಡಾಲ್ ಅನ್ನು ಮಾದಕವಸ್ತು ಕಾಯ್ದೆಯ ಅಡಿಗೆ ತಂದಿತು. 2023ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಹೊಸದಾಗಿ ಬಂದ ನಡುನೋವು ಕತ್ತುನೋವಿಗೆ ಈ ವರ್ಗದ ಮದ್ದು ಹುಸಿಗುಳಿಗೆಗಿಂತ ಮೇಲಲ್ಲ ಎಂದು ಕಂಡುಬಂತು.

ಹಾಸಿಗೆಯಿಂದ ಎಬ್ಬಿಸಿದ ಪ್ರಶ್ನೆ

‘ನಡು ಹಿಡಿದರೆ ಮಲಗು’ ಎಂಬುದು ದೊಡ್ಡ ವೈದ್ಯರ ಮಾತೇ ಆಗಿತ್ತು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ತಂಡ ಎರಡು ದಿನ ಮಲಗಿದವರನ್ನೂ ಏಳು ದಿನ ಮಲಗಿದವರನ್ನೂ ಹೋಲಿಸಿತು. ಹೆಚ್ಚು ಮಲಗಿದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. 1995ರಲ್ಲಿ ಹೆಲ್ಸಿಂಕಿಯ ಅಧ್ಯಯನ ಇನ್ನೂ ಮುಂದೆ ಹೋಯಿತು. ಆದಷ್ಟು ಎಂದಿನ ಓಡಾಟ ಮುಂದುವರಿಸಿದವರೇ ಬೇಗ ಚೇತರಿಸಿಕೊಂಡಿದ್ದರು.

2014ರಲ್ಲಿ ಪ್ಯಾರಾಸಿಟಮಾಲ್‌ನ ಸರದಿ. ಆಸ್ಟ್ರೇಲಿಯಾದಲ್ಲಿ ಸುಮಾರು 1,650 ಜನರನ್ನು ಮೂರು ಗುಂಪು ಮಾಡಿದರು. ದಿನವೂ ತಪ್ಪದೆ ನುಂಗಿದವರು ಗುಣವಾಗಲು ಹಿಡಿದದ್ದು 17 ದಿನ, ಬೇಕೆನಿಸಿದಾಗ ನುಂಗಿದವರಿಗೆ 17 ದಿನ, ಹುಸಿಗುಳಿಗೆಯವರಿಗೆ 16 ದಿನ. ಈ ಅಂಕಿಗಳನ್ನು ನಿರಾಸೆಯಿಂದ ಓದಬೇಕಿಲ್ಲ. ಹೊಸದಾಗಿ ಬಂದ ನಡುನೋವು ಬಹಳಷ್ಟು ಜನರಿಗೆ ಎರಡು ಮೂರು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ ಎಂಬ ಸಮಾಧಾನವೂ ಇದರಲ್ಲಿದೆ.

2017ರಲ್ಲಿ ಅಮೆರಿಕದ ವೈದ್ಯರ ಸಂಘ ಮೊದಲು ಶಾಖ, ಮಸಾಜ್, ಓಡಾಟ, ಬೇಕೇಬೇಕೆಂದರೆ ಎನ್‌ಎಸ್‌ಎಐಡಿ ಅಥವಾ ಸ್ನಾಯು ಸಡಿಲಿಸುವ ಮದ್ದು ಎಂದಿತು. ಬಹುಕಾಲದ ನಡುನೋವಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಕೊಟ್ಟಿತು. ವ್ಯಾಯಾಮ, ತಿಳಿವಳಿಕೆ, ಮಸಾಜ್, ಮನಸ್ಸಿಗೆ ಆಸರೆ, ಅಗತ್ಯವಿದ್ದಾಗ ಎನ್‌ಎಸ್‌ಎಐಡಿ, ಇವು ಇರಲಿ. ಅಫೀಮಿನ ವರ್ಗದ ಮದ್ದು, ಸೊಂಟಪಟ್ಟಿ, ಎಳೆತದ ಚಿಕಿತ್ಸೆ ವಾಡಿಕೆಯಾಗಿ ಬೇಡ. ಮೆಣಸಿನಕಾಯಿಯಿಂದ ಮಾಡಿದ ಮೇಲುಹಚ್ಚುವ ಔಷಧಕ್ಕೂ ಅಲ್ಲಿ ಜಾಗವಿದೆ. ಗುಂಟೂರಿನ ನೆರೆಯವರಿಗೆ ಇದು ಸಂತೋಷದ ಸುದ್ದಿ, ಆದರೆ ಮನೆಯ ಖಾರದಪುಡಿ ಹಚ್ಚಿಕೊಳ್ಳಬೇಡಿ, ಚರ್ಮ ಸುಟ್ಟೀತು!

ತಾಳಿದವಳೂ ಬಾಳಬೇಕು

2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ನಡುನೋವಿತ್ತು ಎಂದು ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ‘ತಾಳಿದವನು ಬಾಳಿಯಾನು’ ಎಂದು ನಮ್ಮನ್ನು ಬೆಳೆಸಿದ್ದಾರೆ, ಹಾಗಾಗಿ ನಾವು ತಾಳುತ್ತೇವೆ, ತಾಳಲಾರದಾಗ ಮಾತ್ರೆ ನುಂಗಿ ಮತ್ತೆ ತಾಳುತ್ತೇವೆ. ಆದರೆ ಕೆಲವು ನಡುನೋವನ್ನು ಮಾತ್ರೆಯಿಂದ ಮುಚ್ಚಿಡಬಾರದು. ನೋವಿನ ಜೊತೆ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು, ನಮ್ಮ ದೇಶದಲ್ಲಿ ಅದು ಅಪರೂಪವಲ್ಲ. ಅದಕ್ಕೆ ಪೇನ್ ಕಿಲ್ಲರ್ ಅಲ್ಲ, ಕ್ಷಯದ ಮದ್ದೇ ಬೇಕು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿದ್ದ ಮೇಲೆ ಬಂದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ನೋವು, ಮೂಳೆ ಸವೆದ ವಯಸ್ಸಿನಲ್ಲಿ ಹಠಾತ್ತನೆ ಬಂದ ನೋವು, ಇವಕ್ಕೂ ಮೊದಲು ವೈದ್ಯರು.

ಉಳಿದ ದಿನಗಳಿಗೆ, ಔಷಧದ ಅಂಗಡಿಯಲ್ಲಿ ಕೇಳಲು ಐದು ಪ್ರಶ್ನೆಗಳು ಸಾಕು. ಈ ಮಾತ್ರೆಯೊಳಗೆ ಏನೇನಿದೆ? ನಾನು ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಯ ಜೊತೆ ಹೊಂದುತ್ತದೆಯೇ? ಎಷ್ಟು ದಿನ? ನನ್ನ ಹೊಟ್ಟೆ, ಮೂತ್ರಪಿಂಡ, ಬಿಪಿಗೆ ಸರಿಯೇ? ಗರ್ಭಿಣಿಯಾಗಿದ್ದರೆ, ಅಥವಾ ಆಗಬೇಕೆಂದಿದ್ದರೆ, ನಡೆಯುತ್ತದೆಯೇ? ಅಂಗಡಿಯಲ್ಲಿ ಉತ್ತರ ಸಿಗದಿದ್ದರೆ ವೈದ್ಯರನ್ನು ಕೇಳಿ. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಲೇಬೇಡಿ. ಮಾತ್ರೆ ಕತ್ತರಿಸಿ ಕೊಡುವಾಗ ಹೆಸರೂ ತಾರೀಖೂ ಇರುವ ಭಾಗವನ್ನೇ ಕೊಡಿ ಎನ್ನಿ, ಇಲ್ಲವೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ‘ಇಂದುಲೋ ಏಮುಂದಿ ಅಂಡಿ?’ ಎಂದು ಕೇಳುವಷ್ಟು ತೆಲುಗು ನಮಗೆಲ್ಲ ಬರುತ್ತದೆ.